ಬ್ಯಾರಿ ಸ್ಯಾಂಡರ್ಸ್ ಹೇಳದೆ ಕೇಳದೆ ಎದ್ದು ಹೋಗಿದ್ದು ಸರೀನಾ?

ನೋವೈ_ನಾಗರಾಜ:
ಎಲ್ರಿಗೂ ನಮಸ್ಕಾರ. ನಾನಿರೋದು ಮಿಶಿಗನ್‌ನ ನೋವೈ ಅನ್ನೋ ಊರಲ್ಲಿ, ಡೆಟ್ರಾಯ್ಟ್ ಪಕ್ಕ. (ನೋವು ಅಲ್ಲ ಸ್ವಾಮಿ, ನೋ-ವೈ. ಪ್ರತಿ ಸಲ ಹೇಳಿ ಸಾಕಾಗಿದೆ.) ಕ್ರಿಕೆಟ್ ಬಿಟ್ಟು ಬೇರೆ ಆಟ ನೋಡಿದವನೇ ಅಲ್ಲ. ಮಗ ಸ್ಕೂಲಿಂದ ಅಮೆರಿಕನ್ ಫುಟ್‌ಬಾಲ್ ಹುಚ್ಚು ಹತ್ತಿಸ್ಕೊಂಡು ಬಂದ ಮೇಲೆ ನನ್ನ ಭಾನುವಾರದ ಮಧ್ಯಾಹ್ನದ ನಿದ್ದೆ ಹೋಯ್ತು, ಈ ಆಟ ಬಂತು.

ಪಕ್ಕದ ಮನೆ ಅಜ್ಜ ಕಾರ್ ಫ್ಯಾಕ್ಟರೀಲಿ ದುಡಿದು ರಿಟೈರ್ ಆದವರು. ಮೊನ್ನೆ ಗ್ಯಾರೇಜ್ ಖಾಲಿ ಮಾಡ್ತಿದ್ರು, ನಾವಿಬ್ರೂ ಕೈ ಜೋಡಿಸಿದ್ವಿ. ಒಂದು ರಟ್ಟಿನ ಡಬ್ಬದ ತಳದಲ್ಲಿ ನೀಲಿ ಜೆರ್ಸಿ, ನಂಬರ್ 20. ಮಗ ‘ಬ್ಯಾರಿ ಸ್ಯಾಂಡರ್ಸ್!’ ಅಂತ ಕುಣಿದ. ಅಜ್ಜ ಮುಖ ಗಂಟಿಕ್ಕಿ ‘ಬೇಕಾದ್ರೆ ತಗೊಂಡ್ಹೋಗು’ ಅಂದ್ರು. ಆಮೇಲೆ ಅರ್ಧ ಗಂಟೆ ಬೈದ್ರು. ಹತ್ತು ವರ್ಷ ನಮ್ಮ ಡೆಟ್ರಾಯ್ಟ್ ಲಯನ್ಸ್ ಟೀಮಿಗೆ ಆಡಿದ, ಕಾಲಲ್ಲಿ ಇನ್ನೂ ಓಟ ಇತ್ತು, ಒಂದು ದಿನ ಎದ್ದು ಹೊರಟೇಬಿಟ್ಟ, ನಮಗೆ ಒಂದು ಮಾತು ಹೇಳಲಿಲ್ಲ ಅಂತ.

ಮನೆಗೆ ಬಂದು ಓದಿದೆ. 1999ರ ಜುಲೈ. ತರಬೇತಿ ಶಿಬಿರಕ್ಕೆ ಇನ್ನೊಂದು ದಿನ ಇದೆ ಅನ್ನುವಾಗ ತನ್ನ ಹುಟ್ಟೂರು ವಿಚಿಟಾದ ಪತ್ರಿಕೆಗೆ ಒಂದು ಫ್ಯಾಕ್ಸ್ ಕಳಿಸಿ ವಿದಾಯ. 31 ತುಂಬಿ ಎರಡು ವಾರವೂ ಆಗಿರಲಿಲ್ಲ. ಹಳೇ ಆಟಗಾರ ವಾಲ್ಟರ್ ಪೇಟನ್ ಚೆಂಡು ಹಿಡಿದು ಓಡಿದ 16,726 ಯಾರ್ಡ್‌ಗಳ ಸಾರ್ವಕಾಲಿಕ ದಾಖಲೆಗೆ ಬರೀ 1,457 ಬಾಕಿ. ಒಂದೇ ಸೀಸನ್ನಿನ ಕೆಲಸ. ಯಾಕೆ ಬಿಟ್ಟ? ಬಿಟ್ಟಿದ್ದು ಸರೀನಾ? ಗೊತ್ತಿರೋರು ಹೇಳಿ.

ಕಾರ್ನರ್‌ಸೈಟ್_ಕಿಟ್ಟಿ:
ಫ್ಯಾಕ್ಸ್ ಕಳಿಸಿ ಕೆಲಸ ಬಿಟ್ಟ ಅಂದ್ರೆ ನನ್ನ ಪ್ರಕಾರ ಗಂಡು. ನಾವು ನೋಟಿಸ್ ಪೀರಿಯಡ್ 90 ದಿನ ಅಂತ ಅಳ್ತಾ ಕೂತಿದೀವಿ.

ಕುಡ್ಲದ_ಮಾಣಿ:
ನಾನು ಶೀರ್ಷಿಕೆ ನೋಡಿ ನಮ್ಮ ಊರಿನ ಬ್ಯಾರಿಗಳ ವಿಷಯ ಎಂತದೋ ಉಂಟು ಅಂತ ಓಡಿ ಬಂದದ್ದು ಮಾರಾಯ್ರೆ! ಇದು ಬೇರೆಯೇ ಬ್ಯಾರಿ. ಇರಲಿ, ಬಂದಾಯ್ತಲ್ಲ, ಕೂತುಕೊಳ್ತೇನೆ. ಈ ರನ್ನಿಂಗ್ ಬ್ಯಾಕ್ ಅಂದರೆ ಎಂತ, ಯಾರಾದರೂ ಮೊದಲು ಅದು ಹೇಳಿ.

ವಿಸ್ಕಾನ್ಸಿನ್_ವಿಜಯಾ:
ನಾನು ಹೇಳ್ತೀನಿ. ನಾಲ್ಕು ಅವಕಾಶದಲ್ಲಿ ಚೆಂಡನ್ನ 10 ಯಾರ್ಡ್ ಮುಂದೆ ಒಯ್ಯಬೇಕು. ಒಯ್ದ್ರೆ ಮತ್ತೆ ನಾಲ್ಕು ಅವಕಾಶ. ಕ್ವಾರ್ಟರ್‌ಬ್ಯಾಕ್ ಒಂದೋ ಚೆಂಡು ಎಸೀತಾನೆ, ಇಲ್ಲಾ ಹಿಂದೆ ನಿಂತಿರೋ ರನ್ನಿಂಗ್ ಬ್ಯಾಕ್ ಕೈಗೆ ಕೊಡ್ತಾನೆ. ಅವನು ಎದೆಗೆ ಅವುಚಿಕೊಂಡು ನುಗ್ಗಬೇಕು. ಎದುರಿಗೆ 11 ಜನ, ಒಬ್ಬೊಬ್ಬ 130 ಕಿಲೋ ತೂಗೋರೂ ಇರ್ತಾರೆ. ದಾರಿ ಬಿಡಿಸೋಕೆ ನಮ್ಮ ಕಡೆ ಐದು ಜನ ದಾಂಡಿಗ ಲೈನ್‌ಮನ್‌ಗಳು.

ಕುಡ್ಲದ_ಮಾಣಿ:
ಹಾಗಾದರೆ ಕಂಬಳ. ಕೋಣಗಳು ಮುಂದೆ, ಓಡುವವ ಹಿಂದೆ.

ವಿಸ್ಕಾನ್ಸಿನ್_ವಿಜಯಾ:
😂 ಹೂಂ, ಆದ್ರೆ ಎದುರಿಂದಲೂ ಕೋಣಗಳು ಬರ್ತವೆ.

ಹುಬ್ಳಿ_ರೈಡರ್:
ಕಂಬಳ ಅಲ್ರೀ, ಇದು ಕಬಡ್ಡಿ. ನಾನು ಕಾಲೇಜಿನ್ಯಾಗ ರೈಡ್ ಹೋಗ್ತಿದ್ದೆ, ಅದಕ್ಕ ಈ ಬ್ಯಾರೀನ ಹಳೇ ವಿಡಿಯೋ ಹುಚ್ಚನಂಗ ನೋಡೇನಿ. ಐದಡಿ ಎಂಟಿಂಚು ಅಷ್ಟ ಇದ್ದಾಂವ. ತೊಡಿ ನೋಡಿದ್ರ ಒನಕಿ ಇದ್ದಂಗ. ಹಿಡದ್ವಿ ಅಂತ ನಾಕ್ ಮಂದಿ ಮೈಮ್ಯಾಲ ಬಿದ್ದಿರ್ತಾರ, ಅಂವ ಅಲ್ಲಿ ಇರೂದಿಲ್ಲ. 1994ರಾಗ ನ್ಯೂ ಇಂಗ್ಲೆಂಡ್ ಮ್ಯಾಲ ಒಂದು ಓಟ ಐತಿ, ಒಬ್ಬ ಡಿಫೆಂಡರ್ ತನ್ನ ಸುತ್ತ ತಾನ ಬುಗರಿ ತಿರುಗಿದಂಗ ತಿರುಗ್ಯಾನ, ಬ್ಯಾರಿ ಬಾಜೂಕ ಹಾದು ಕೊನೀ ಗೆರಿ ದಾಟಿ ಟಚ್‌ಡೌನ್ ಮಾಡ್ಯಾನ. ಮಾಡಿ ಕುಣಿಯೂದೂ ಇಲ್ಲ, ತೊಡಿ ತಟ್ಟೂದೂ ಇಲ್ಲ. ಚೆಂಡು ರೆಫ್ರಿ ಕೈಯಾಗ ಕೊಟ್ಟು ಸುಮ್ಮನ ಹೊಂಟ. ಅದನ್ನ ನೋಡಿದ್ ಮ್ಯಾಲ ನಾನು ತೊಡಿ ತಟ್ಟೂದು ಬಿಟ್ಟೆ.

ಡಲ್ಲಾಸ್_ದಿವಾಕರ:
ನೀವೆಲ್ಲ ಬೈಕೊಳ್ಳಿ, ನಾನು ಹೇಳೋದು ಹೇಳ್ತೀನಿ. ವಿಡಿಯೋದಲ್ಲಿ ಚೆಂದ ಕಾಣೋದು ಬೇರೆ, ಪಂದ್ಯ ಗೆಲ್ಲಿಸೋದು ಬೇರೆ. ನಮ್ಮ ಡಲ್ಲಾಸ್ ರನ್ನಿಂಗ್ ಬ್ಯಾಕ್ ಎಮಿಟ್ ಸ್ಮಿತ್ 18,355 ಯಾರ್ಡ್, ಮೂರು ಸೂಪರ್ ಬೌಲ್ (ಲೀಗಿನ ಫೈನಲ್) ಗೆಲುವು. ಬ್ಯಾರಿ? ಹತ್ತು ವರ್ಷದಲ್ಲಿ ಪ್ಲೇಆಫ್‌ನಲ್ಲಿ ಒಂದೇ ಒಂದು ಗೆಲುವು. ಹಿಂದಕ್ಕೆ ಓಡಿ ಓಡಿ ಕಳ್ಕೊಂಡ ಯಾರ್ಡ್‌ಗಳೇ ಒಂಬೈನೂರರ ಮೇಲಿದೆ. ಎರಡು ಯಾರ್ಡ್ ಬೇಕು ಅನ್ನುವಾಗ ಎರಡು ಯಾರ್ಡ್ ತರೋನು ಬೇಕು, ಡ್ಯಾನ್ಸ್ ಮಾಡೋನಲ್ಲ.

ಹುಬ್ಳಿ_ರೈಡರ್:
ಎಮಿಟ್ ಮುಂದ ಇದ್ದ ಲೈನ್ ನೋಡ್ರಿ ಸಾಹೇಬ್ರ. ಆ ಸಂದಿನ್ಯಾಗ ನಮ್ಮ ಹಳೇ ಟಾಂಗಾ ಸೈತ ಹೋಗ್ತಿತ್ತು.

ಲೆಕ್ಕದ_ಮೇಷ್ಟ್ರು:
ದಿವಾಕರ್, ಅರ್ಧ ಲೆಕ್ಕ ಹೇಳಬೇಡಿ. ಎಮಿಟ್ 15 ಸೀಸನ್, 4,409 ಸಲ ಚೆಂಡು ಹಿಡಿದು ಓಡಿ 18,355. ಬ್ಯಾರಿ 10 ಸೀಸನ್, 3,062 ಸಲ ಓಡಿ 15,269. ಭಾಗಿಸಿ ನೋಡಿ: ಎಮಿಟ್‌ಗೆ ಸಲಕ್ಕೆ 4.2, ಬ್ಯಾರಿಗೆ 5.0. ಹಿಂದಕ್ಕೆ ಓಡಿ ಕಳೆದದ್ದೂ ಸೇರಿಯೇ ಈ 5.0. ಹತ್ತು ಸೀಸನ್ನಿನಲ್ಲಿ ಒಂದು ಸೀಸನ್ನೂ 1,000 ಯಾರ್ಡ್‌ಗಿಂತ ಕೆಳಗಿಲ್ಲ. 1993ರಲ್ಲಿ ಮಂಡಿ ಪೆಟ್ಟಿನಿಂದ ಐದು ಪಂದ್ಯ ತಪ್ಪಿಸಿಕೊಂಡರೂ ಸಾವಿರ ದಾಟಿದ.

ಇನ್ನು 1997. ಮೊದಲ ಎರಡು ಪಂದ್ಯ ಸೇರಿ 53 ಯಾರ್ಡ್. ಪತ್ರಿಕೆಯವರು ಮುಗೀತು ಅಂತ ಬರೆದಿರುತ್ತಾರೆ. ಅಲ್ಲಿಂದ ಸತತ 14 ಪಂದ್ಯಗಳಲ್ಲಿ 100ರ ಮೇಲೆ. ಟ್ಯಾಂಪಾ ಬೇ ವಿರುದ್ಧ ಒಂದೇ ಪಂದ್ಯದಲ್ಲಿ 80 ಯಾರ್ಡ್ ಅಥವಾ ಅದಕ್ಕೂ ಉದ್ದದ ಓಟ ಎರಡು. ಸೀಸನ್ ಮುಗಿದಾಗ 2,053. ಅದಕ್ಕೂ ಮುಂಚೆ 2,000 ದಾಟಿದವರು ಇಬ್ಬರೇ, 1973ರಲ್ಲಿ ಸಿಂಪ್ಸನ್, 1984ರಲ್ಲಿ ಡಿಕರ್ಸನ್.

ಡಲ್ಲಾಸ್_ದಿವಾಕರ:
ಮೇಷ್ಟ್ರೇ, ಅದೆಲ್ಲಾ ಸರಿ. 1994ರ ಪ್ಲೇಆಫ್, ಗ್ರೀನ್ ಬೇನಲ್ಲಿ. 13 ಸಲ ಓಡಿ ಒಟ್ಟು ಎಷ್ಟು? ಮೈನಸ್ ಒಂದು!! ಭಾಗಿಸಿ ನೋಡಿ.

ವಿಸ್ಕಾನ್ಸಿನ್_ವಿಜಯಾ:
ಆ ಮೈನಸ್ ಒಂದು ನಮ್ಮ ಊರಲ್ಲಿ ಈಗಲೂ ಹಬ್ಬ. ನಮ್ಮ ಗ್ರೀನ್ ಬೇ ಟೀಮು ಪ್ಯಾಕರ್ಸ್‌ನವರು ಬ್ಯಾರಿಗೆ ಅಷ್ಟು ಹೆದರ್ತಿದ್ರು ಅಂತಾನೇ ಅದು ಹಬ್ಬ. ಇಲ್ಲಿ ಇನ್ನೊಂದು ಗಾಯ ಇದೆ, ಡೆಟ್ರಾಯ್ಟ್‌ನವರಿಗೆ ಹೇಳಿದ್ರೆ ಖುಷಿ ಆಗ್ತಾರೆ. 1989ರ ಡ್ರಾಫ್ಟ್, ಅಂದ್ರೆ ಕಾಲೇಜು ಹುಡುಗರನ್ನ ಟೀಮುಗಳು ಸರದಿಯಲ್ಲಿ ಆರಿಸ್ಕೊಳ್ಳೋದು. ಮೊದಲ ಆಯ್ಕೆ ಡಲ್ಲಾಸ್, ಟ್ರಾಯ್ ಏಕ್‌ಮನ್. ಎರಡನೇದು ನಮ್ಮದು. ಕೈಗೆಟಕೋ ಹಾಗೆ ಬ್ಯಾರಿ ನಿಂತಿದ್ದ. ನಮ್ಮವರು ಟೋನಿ ಮ್ಯಾಂಡರಿಚ್ ಅನ್ನೋ ದೈತ್ಯನ್ನ ಆರಿಸಿದ್ರು! ಮೂರನೇದು ಡೆಟ್ರಾಯ್ಟ್, ಬ್ಯಾರಿ. ನಾಲ್ಕು ಡೆರಿಕ್ ಥಾಮಸ್, ಐದು ಡಿಯಾನ್ ಸ್ಯಾಂಡರ್ಸ್. ಐವರಲ್ಲಿ ನಾಲ್ವರು ಹಾಲ್ ಆಫ್ ಫೇಮ್ (ದಿಗ್ಗಜರ ಗೌರವ ಪಟ್ಟಿ) ಸೇರಿದ್ರು, ಸೇರದೇ ಇರೋ ಒಬ್ಬ ಯಾರು ಅಂತ ಬಿಡಿಸಿ ಹೇಳಬೇಕಾ?

ಕಾರ್ನರ್‌ಸೈಟ್_ಕಿಟ್ಟಿ:
ಆರ್‌ಸಿಬಿ ಹರಾಜು ನೋಡಿದವರಿಗೆ ಇದೇನೂ ಹೊಸದಲ್ಲ.

ನೋವೈ_ನಾಗರಾಜ:
ಗೆಳೆಯರೇ, ಪ್ರಶ್ನೆ ಯಾಕೆ ಬಿಟ್ಟ ಅಂತ. ಎಮಿಟ್ ದೊಡ್ಡೋನಾ ಬ್ಯಾರಿ ದೊಡ್ಡೋನಾ ಅಂತಲ್ಲ.

ಶ್ರೀಕಾಂತ_ತುಲ್ಸಾ:
ನಾನು ಓಕ್ಲಹೋಮಾದಲ್ಲಿರೋದು, ಅದಕ್ಕೆ ಹಿಂದಿನ ಕಥೆ ಹೇಳಲೇಬೇಕು. ಆಗ ‘ಯಾಕೆ ಬಿಟ್ಟ’ ತಾನೇ ಗೊತ್ತಾಗುತ್ತೆ.

ವಿಚಿಟಾದಲ್ಲಿ 11 ಮಕ್ಕಳ ಮನೆ. ಅಪ್ಪ ವಿಲಿಯಂ, ಛಾವಣಿ ಹೊದಿಸೋ ಕೆಲಸ, ಬಡಗಿ ಕೆಲಸ. ಗಂಡು ಮಕ್ಕಳನ್ನೂ ಬಿಸಿಲಲ್ಲಿ ಛಾವಣಿ ಹತ್ತಿಸೋರು. ಹೈಸ್ಕೂಲಲ್ಲಿ ಕೊನೇ ವರ್ಷ ನಾಲ್ಕನೇ ಪಂದ್ಯದವರೆಗೆ ಇವನಿಗೆ ರನ್ನಿಂಗ್ ಬ್ಯಾಕ್ ಜಾಗವೇ ಸಿಗಲಿಲ್ಲ. ದೊಡ್ಡ ಕಾಲೇಜುಗಳು ಗಿಡ್ಡ ಅಂತ ತಿರುಗಿ ನೋಡಲಿಲ್ಲ. ಓಕ್ಲಹೋಮಾ ಸ್ಟೇಟ್ ಕರೀತು, ಅಲ್ಲೂ ಎರಡು ವರ್ಷ ಥರ್ಮನ್ ಥಾಮಸ್ ಹಿಂದೆ ಎರಡನೇ ಆಳು. ಥರ್ಮನ್ ಹೋದ ಮೇಲೆ 1988. 11 ಪಂದ್ಯ, 2,628 ಯಾರ್ಡ್, 37 ಟಚ್‌ಡೌನ್ ಬರೀ ಓಟದಲ್ಲಿ. ಸೀಸನ್ ಮುಗಿದ ಮೇಲಿನ ಹಾಲಿಡೇ ಬೌಲ್ ಅನ್ನೋ ಪಂದ್ಯದ 222 ಯಾರ್ಡ್, 5 ಟಚ್‌ಡೌನ್ ಇದಕ್ಕೆ ಸೇರಿಲ್ಲ, ಆಗೆಲ್ಲ ಬೌಲ್ ಪಂದ್ಯ ದಾಖಲೆಗೆ ಲೆಕ್ಕ ಇರಲಿಲ್ಲ. 2024ರಲ್ಲಿ ಬೋಯ್ಸಿ ಸ್ಟೇಟ್ ಕಾಲೇಜಿನ ಆಷ್ಟನ್ ಜೆಂಟಿ 14 ಪಂದ್ಯ ಆಡಿ, ಪ್ಲೇಆಫ್ ಪಂದ್ಯದ್ದೂ ಸೇರಿಸ್ಕೊಂಡು 2,601ಕ್ಕೆ ನಿಂತ. 27 ಕಮ್ಮಿ. ಆ ರಾತ್ರಿ ನಮ್ಮೂರಲ್ಲಿ ಉಸಿರು ಬಿಗಿಹಿಡಿದು ಕೂತಿದ್ವಿ.

ಹೈಸ್‌ಮನ್ ಪ್ರಶಸ್ತಿ (ವರ್ಷದ ಬೆಸ್ಟ್ ಕಾಲೇಜು ಆಟಗಾರನಿಗೆ ಕೊಡೋದು) ಘೋಷಣೆ ಆದಾಗ ಬ್ಯಾರಿ ಟೋಕಿಯೋದಲ್ಲಿದ್ದ, ಅಲ್ಲೊಂದು ಪಂದ್ಯ ಇತ್ತು. ಕ್ಯಾಮರಾ ಮುಂದೆ ಬನ್ನಿ ಅಂದ್ರೆ ಮುಜುಗರ ಪಡೋ ಹುಡುಗ. ಲೀಗಿಗೆ ಬಂದ ಮೊದಲ ವರ್ಷವೇ ಕೊನೆಯ ಪಂದ್ಯದಲ್ಲಿ, ಇನ್ನು 10 ಯಾರ್ಡ್ ಓಡಿದ್ರೆ ಇಡೀ ಲೀಗಿನ ಮೊದಲಿಗನಿಗೆ ಸಮ. ಪಂದ್ಯ ಆಗಲೇ ಗೆದ್ದ ಹಾಗೇ ಇತ್ತು. ಕೋಚ್ ವೇಯ್ನ್ ಫಾಂಟ್ಸ್ ಒಳಗೆ ಹೋಗ್ತೀಯಾ ಅಂದ್ರೆ ಬೇಡ ಅಂದ. ಅವನ 1,470, ಕಾನ್ಸಸ್ ಸಿಟಿಯ ಕ್ರಿಶ್ಚಿಯನ್ ಒಕೋಯೆ 1,480. ಹತ್ತು ಯಾರ್ಡ್ ಬೇಡ ಅಂದವನಿಗೆ 1,457 ಯಾರ್ಡ್ ಯಾಕೆ ಬೇಕು ಹೇಳಿ?

ಕುಡ್ಲದ_ಮಾಣಿ:
ಅಬ್ಬ. ಇದು ಗೊತ್ತಿರಲಿಲ್ಲ.

ರಮ್ಯಾ_ಮೈಸೂರು:
ನಂಗೆ ಆಟ ಒಂಚೂರೂ ಗೊತ್ತಿಲ್ಲ, ಆದ್ರೆ ಅಪ್ಪನ ವಿಷಯ ಬಂತಲ್ಲ. ಮಗ ಇಷ್ಟು ದೊಡ್ಡ ಆಟಗಾರ ಆದಾಗ ಅಪ್ಪ ಏನಂದ್ರು?

ಶ್ರೀಕಾಂತ_ತುಲ್ಸಾ:
ಅಪ್ಪನ ಪ್ರಕಾರ ಲೋಕದಲ್ಲಿ ಬೆಸ್ಟ್ ರನ್ನಿಂಗ್ ಬ್ಯಾಕ್ ಜಿಮ್ ಬ್ರೌನ್. ಎರಡನೇದು ಸ್ವತಃ ತಾವೇ. ಮೂರನೇದು ಮಗ. 😀 2004ರಲ್ಲಿ ಹಾಲ್ ಆಫ್ ಫೇಮ್ ವೇದಿಕೆಗೆ ಮಗನ್ನ ಪರಿಚಯಿಸಿದ್ದೂ ಅವರೇ. 2011ರಲ್ಲಿ ತೀರ್ಕೊಂಡ್ರು. ಜಿಮ್ ಬ್ರೌನ್ ಕೂಡ 1966ರಲ್ಲಿ ಬರೀ 30ಕ್ಕೆ ಆಟ ಬಿಟ್ಟವರು, ಆಗ ಲಂಡನ್ನಿನಲ್ಲಿ ಸಿನಿಮಾ ಶೂಟಿಂಗಲ್ಲಿದ್ರು. ಬ್ಯಾರಿಯೂ ಫ್ಯಾಕ್ಸ್ ಸುದ್ದಿ ಒಡೆದಾಗ ಹಾರಿದ್ದು ಲಂಡನ್ನಿಗೇ!

ರಮ್ಯಾ_ಮೈಸೂರು:
ನಮ್ಮಪ್ಪನೂ ಹೀಗೇ. ನಂಗೆ ರ‍್ಯಾಂಕ್ ಬಂದಾಗ ‘ನಮ್ ಕಾಲದಲ್ಲಿ ಪೇಪರ್ ಕಷ್ಟ ಇತ್ತು’ ಅಂದ್ರು.

ಡಲ್ಲಾಸ್_ದಿವಾಕರ:
ಕಣ್ಣೀರಿನ ಕಥೆ ಎಲ್ಲಾ ಆಯ್ತು, ದುಡ್ಡಿನ ಕಥೆ ಯಾರೂ ಹೇಳ್ತಿಲ್ಲ ಯಾಕೆ? 1997ರಲ್ಲಿ ಆರು ವರ್ಷದ ಒಪ್ಪಂದ, ಸಹಿ ಹಾಕಿದ್ದಕ್ಕೇ 1 ಕೋಟಿ 10 ಲಕ್ಷ ಡಾಲರ್ ಬೋನಸ್. ಎರಡು ವರ್ಷ ಆಡಿ ಎದ್ದು ಹೋದ. ಮುಂಗಡ ಇಸ್ಕೊಂಡು ಮನೆ ಅರ್ಧ ಕಟ್ಟಿ ಓಡಿ ಹೋದ ಮೇಸ್ತ್ರಿಗೆ ಏನಂತೀರಿ? ಪಕ್ಕದ ಮನೆ ಅಜ್ಜ ಹೇಳೋದು ನೂರಕ್ಕೆ ನೂರು ಸರಿ.

ಲೆಕ್ಕದ_ಮೇಷ್ಟ್ರು:
ಆ ದುಡ್ಡು ಪೂರ್ತಿ ಅವನಿಗೆ ದಕ್ಕಲಿಲ್ಲ. ಟೀಮಿನವರು ವಾಪಸ್ ಕೇಳಿದರು, 2000ದಲ್ಲಿ ಮಧ್ಯಸ್ಥಗಾರರ ತೀರ್ಪು ಬಂತು. ಬೋನಸ್ಸನ್ನು ಆರು ವರ್ಷಕ್ಕೆ ಹಂಚಿ, ಆಡದ ವರ್ಷದ ಪಾಲು ಹಿಂದಿರುಗಿಸು ಅಂತ. ವರ್ಷಕ್ಕೆ 18 ಲಕ್ಷ 33 ಸಾವಿರ ಡಾಲರ್. ಮೇಸ್ತ್ರಿ ಮುಂಗಡ ವಾಪಸ್ ಕೊಟ್ಟಿದ್ದನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ವಿಸ್ಕಾನ್ಸಿನ್_ವಿಜಯಾ:
ಅದೇ ಟೀಮು ಆಮೇಲೆ ಕ್ಯಾಲ್ವಿನ್ ಜಾನ್ಸನ್‌ಗೂ ಅದನ್ನೇ ಮಾಡ್ತು. ಅವನೂ 2016ರಲ್ಲಿ 30ಕ್ಕೇ ಬಿಟ್ಟ, ಅವನಿಂದಲೂ ಹತ್ತು ಲಕ್ಷಕ್ಕೂ ಹೆಚ್ಚು ಡಾಲರ್ ವಾಪಸ್ ಇಸ್ಕೊಂಡ್ರು. ಒಂದೇ ಮನೆಯಿಂದ ಇಬ್ಬರು ಒಳ್ಳೇ ಮಕ್ಕಳು ಓಡಿ ಹೋದ್ರೆ ತಪ್ಪು ಮಕ್ಕಳದ್ದಾ, ಮನೇದಾ?

ಕಾರ್ನರ್‌ಸೈಟ್_ಕಿಟ್ಟಿ:
ದ್ರಾವಿಡ್ ನೋಡಿ ಸಾರ್, 2012ರಲ್ಲಿ ಚಿನ್ನಸ್ವಾಮೀಲಿ ಕೂತು ಎಲ್ಲರ ಎದುರು ಹೇಳಿ ಬಿಟ್ರು. ಮರ್ಯಾದೆ ಅಂದ್ರೆ ಅದು.

ಹುಬ್ಳಿ_ರೈಡರ್:
ಧೋನಿ? ಮೆಲ್ಬರ್ನ್‌ದಾಗ ಸರಣಿ ನಡೂವ ಟೆಸ್ಟ್ ಬಿಟ್ಟ. ಅವಂಗ ಯಾರೂ ಏನೂ ಅನಲಿಲ್ಲ.

ನೋವೈ_ನಾಗರಾಜ:
ದಯವಿಟ್ಟು ಕ್ರಿಕೆಟ್ ಬೇಡ. ಅದು ಶುರುವಾದ್ರೆ ಇದು ಮುಗಿಯಲ್ಲ.

ಸುಮಾ_ಫಿಸಿಯೋ:
ಸುಮ್ನೆ ಓದ್ತಾ ಇದ್ದೆ, ಈಗ ಬರೀಲೇಬೇಕು ಅನ್ನಿಸ್ತು. ನಾನು ಓಹಾಯೋದಲ್ಲಿ ಫಿಸಿಯೋಥೆರಪಿಸ್ಟ್. ಬೆನ್ನುಹುರಿಗೆ ಪೆಟ್ಟಾದವರ ಜೊತೆ ದಿನಾ ಕೆಲಸ. ಎಲ್ಲರೂ ಯಾರ್ಡ್ ಲೆಕ್ಕ, ಡಾಲರ್ ಲೆಕ್ಕ ಹೇಳ್ತಿದೀರ. ಆ ಹತ್ತು ವರ್ಷ ಆ ಡ್ರೆಸ್ಸಿಂಗ್ ರೂಮಲ್ಲಿ ಏನೇನಾಯ್ತು ಅಂತ ಯಾರೂ ಹೇಳಲಿಲ್ಲ.

1991ರ ನವೆಂಬರ್. ಬ್ಯಾರಿಗೆ ದಾರಿ ಬಿಡಿಸ್ತಿದ್ದ ಲೈನ್‌ಮನ್‌ಗಳಲ್ಲಿ ಒಬ್ಬ ಮೈಕ್ ಅಟ್ಲಿ. ತಮ್ಮ ಮೈದಾನದಲ್ಲೇ ಬಿದ್ದ, ಕತ್ತಿನ ಮೂಳೆ. ಸ್ಟ್ರೆಚರ್ ಮೇಲೆ ಒಯ್ಯುವಾಗ ಹೆಬ್ಬೆರಳು ಎತ್ತಿ ತೋರಿಸಿದ. ಆಮೇಲೆ ಗಾಲಿಕುರ್ಚಿ. ಆ ಸೀಸನ್ ಪೂರ್ತಿ ಟೀಮು ಅವನ ಹೆಸರಲ್ಲಿ ಆಡ್ತು. ನಿಮ್ಮ ಡಲ್ಲಾಸ್‌ನ 38-6ರಲ್ಲಿ ಹೊಡೆದಿದ್ದು ಆಗಲೇ, ದಿವಾಕರ್ ಅವ್ರೇ. ಬ್ಯಾರಿಯ ಆ ಒಂದೇ ಪ್ಲೇಆಫ್ ಗೆಲುವು. ಮುಂದಿನ ವಾರ ವಾಷಿಂಗ್ಟನ್ ಕೈಲಿ 41-10.

ಆರು ತಿಂಗಳು ಕಳೆದಿರಲಿಲ್ಲ. ಅದೇ ಲೈನಿನ ಎರಿಕ್ ಆಂಡೊಲ್ಸೆಕ್, ಲೂಸಿಯಾನಾದ ತನ್ನ ಮನೆ ಅಂಗಳದಲ್ಲಿದ್ದ. ರಸ್ತೆ ಬಿಟ್ಟು ನುಗ್ಗಿದ ಲಾರಿ ಹೊಡೆದು ಸತ್ತ. ಇನ್ನೂ 25.

1997ರ ಡಿಸೆಂಬರ್ 21. ನ್ಯೂಯಾರ್ಕ್ ಜೆಟ್ಸ್ ವಿರುದ್ಧ. ಮೇಷ್ಟ್ರು ಹೇಳಿದ 2,053 ಪೂರ್ತಿಯಾಗಿದ್ದು ಆ ದಿನವೇ. ಅದೇ ಪಂದ್ಯದಲ್ಲಿ ರೆಜಿ ಬ್ರೌನ್ ಅನ್ನೋ ಲಯನ್ಸ್ ಹುಡುಗ ಟ್ಯಾಕಲ್ ಮಾಡೋಕೆ ಹೋಗಿ ಬಿದ್ದ, ಮೇಲೇಳಲಿಲ್ಲ. ಉಸಿರು ನಿಂತಿತ್ತು. ಮೈದಾನದಲ್ಲೇ ಬಾಯಿಗೆ ಬಾಯಿ ಇಟ್ಟು ಉಸಿರು ಕೊಟ್ಟು ಉಳಿಸಿದ್ರು. ಅವನು ಆಮೇಲೆ ನಡೆದಾಡಿದ, ಆದ್ರೆ ಮತ್ತೆ ಆಡಲಿಲ್ಲ. ಸ್ವಲ್ಪ ದಿನಕ್ಕೆ ಟೀಮಿನವರು ಸೆಂಟರ್ (ಲೈನಿನ ನಡುವಿನ ಆಟಗಾರ) ಕೆವಿನ್ ಗ್ಲೋವರ್‌ನ ಕೈಬಿಟ್ರು, ಬ್ಯಾರಿಗೆ ತುಂಬಾ ಹತ್ತಿರದವನು. ಅದೇ ಲೈನಿನ ಲೋಮಸ್ ಬ್ರೌನ್ ಅದಕ್ಕೂ ಮುಂಚೆಯೇ ಹೋಗಿದ್ದ. 1998ರಲ್ಲಿ 16ರಲ್ಲಿ 11 ಸೋಲು.

ನಾನು ದಿನಾ ನೋಡೋ ರೋಗಿಗಳಲ್ಲಿ ಇಪ್ಪತ್ತು ದಾಟದ ಹುಡುಗರಿದ್ದಾರೆ, ಹೈಸ್ಕೂಲ್ ಆಟದಲ್ಲಿ ಬಿದ್ದವರು. ಬ್ಯಾರಿ ಯಾಕೆ ಬಿಟ್ಟ ಅಂತ ನಂಗೆ ಆಶ್ಚರ್ಯವೇ ಆಗಲಿಲ್ಲ. ಹತ್ತು ವರ್ಷ ಹೇಗೆ ಆಡಿದ ಅಂತ ಆಶ್ಚರ್ಯ.

ಕುಡ್ಲದ_ಮಾಣಿ:
ಮೊದಲು ಕಂಬಳ ಅಂತ ತಮಾಷೆ ಮಾಡಿದ್ದಕ್ಕೆ ಈಗ ಬೇಜಾರಾಗ್ತದೆ.

ಡಲ್ಲಾಸ್_ದಿವಾಕರ:
ಸುಮಾ ಅವ್ರೇ, ಇದರಲ್ಲಿ ಅರ್ಧ ನನಗೆ ಗೊತ್ತಿರಲಿಲ್ಲ. ಆದ್ರೂ ಒಂದು. ಭಯ ಆಗಿತ್ತು ಅಂತ ಅವನೇ ಎಲ್ಲೂ ಹೇಳಿಲ್ಲ. ಫ್ಯಾಕ್ಸ್‌ನಲ್ಲಿ ಬರೆದದ್ದು, ಉಳಿಯೋ ಆಸೆಗಿಂತ ಹೊರಡೋ ಆಸೆ ದೊಡ್ಡದಾಗಿದೆ ಅಂತ. ಆಮೇಲೆ ಆತ್ಮಕಥೆಯಲ್ಲಿ ದೂರಿದ್ದು ಟೀಮಿನ ಸೋಲಿನ ಚಾಳಿಯನ್ನ. ನೀವು ನಿಮ್ಮ ಅನುಭವ ಅವನ ಬಾಯಿಗೆ ಹಾಕ್ತಿದೀರ.

ಸುಮಾ_ಫಿಸಿಯೋ:
ಭಯ ಅಂತ ನಾನೂ ಹೇಳಲಿಲ್ಲ ಸಾರ್. ಮನಸ್ಸು ಬಾಡೋದಕ್ಕೆ ಒಂದೇ ಕಾರಣ ಇರಬೇಕು ಅಂತೇನಿಲ್ಲ. ಗ್ಲೋವರ್‌ನ ಬಿಟ್ಟಿದ್ದು ಅವನಿಗೆ ಎಷ್ಟು ನೋವಾಗಿತ್ತು ಅಂತ ಅವನೇ ಹೇಳಿದ್ದಾನಲ್ಲ.

ಡಲ್ಲಾಸ್_ದಿವಾಕರ:
ಸರಿ, ಅದು ಒಪ್ತೀನಿ. ಎಮಿಟ್ ವಿಷಯದಲ್ಲಿ ಒಪ್ಪಲ್ಲ.

ಲೆಕ್ಕದ_ಮೇಷ್ಟ್ರು:
ಒಂದು ಸೇರಿಸುತ್ತೇನೆ. ದಾಖಲೆಯ ಒಡೆಯ ಪೇಟನ್ ಆ ವರ್ಷದ ಫೆಬ್ರುವರಿಯಲ್ಲಿ ತಮಗೆ ಯಕೃತ್ತಿನ ಕಾಯಿಲೆ ಇದೆ ಅಂತ ಹೇಳಿಕೊಂಡಿದ್ದರು, ನವೆಂಬರ್ 1ಕ್ಕೆ ತೀರಿಕೊಂಡರು, 46ಕ್ಕೇ. ಬ್ಯಾರಿ ಆಡಿದ್ದರೆ ಪೇಟನ್ ಹೋದ ತಿಂಗಳಲ್ಲೇ ಅವರ ದಾಖಲೆ ಬೆನ್ನಟ್ಟುತ್ತಿದ್ದ. ಅದಕ್ಕೇ ಬಿಟ್ಟ ಅಂತಲ್ಲ, ತಪ್ಪು ತಿಳಿಯಬೇಡಿ. ನನಗೆ ಆ ಸೀಸನ್ ನೆನೆದಾಗ ಅದು ಹೊಳೆಯುತ್ತದೆ ಅಷ್ಟೇ. ಕೊನೆಗೆ 2002ರಲ್ಲಿ ಎಮಿಟ್ ದಾಟಿದರು.

ಡಲ್ಲಾಸ್_ದಿವಾಕರ:
👏👏 ಕೊನೇ ವಾಕ್ಯ ಮಾತ್ರ ಇನ್ನೊಂದ್ಸಲ ಹೇಳಿ ಮೇಷ್ಟ್ರೇ.

ಪ್ರಜ್ವಲ್_07:
ಒಂದು ಡೌಟು. ಫ್ಯಾಕ್ಸ್ ಅಂದ್ರೆ ಇಮೇಲ್ ಥರಾನಾ?

ಕಾರ್ನರ್‌ಸೈಟ್_ಕಿಟ್ಟಿ:
ಯಾರಾದ್ರೂ ಈ ಮಗೂನ ಮನೆಗೆ ಬಿಟ್ಟು ಬನ್ನಿ.

ರಮ್ಯಾ_ಮೈಸೂರು:
ಜೆರಾಕ್ಸ್ ಮೆಷಿನ್ನಿಗೆ ಲ್ಯಾಂಡ್‌ಲೈನ್ ಫೋನ್ ಮದುವೆ ಮಾಡಿದ್ರೆ ಫ್ಯಾಕ್ಸ್ ಕಣೋ ಪುಟ್ಟ. ಇಲ್ಲಿ ಹಾಕಿದ ಕಾಗದ ಅಲ್ಲಿ ಕಿರ್ ಕಿರ್ ಅಂತ ಬರುತ್ತೆ.

ನೋವೈ_ನಾಗರಾಜ:
ಮೂರು ದಿನ ಬರೋಕಾಗ್ಲಿಲ್ಲ, ಕ್ಷಮಿಸಿ. ಸುಮಾ ಅವರು ಬರೆದಿದ್ದನ್ನ ಇಂಗ್ಲಿಷ್ ಮಾಡಿ ಅಜ್ಜನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಆ ಜೆಟ್ಸ್ ಪಂದ್ಯಕ್ಕೆ ತಾವು ಮಗಳನ್ನ ಕರ್ಕೊಂಡು ಹೋಗಿದ್ವಿ ಅಂದ್ರು. ಪಾಂಟಿಯಾಕ್‌ನ ಸಿಲ್ವರ್‌ಡೋಮ್ ತುಂಬಾ ಜನ. ರೆಜಿ ಬ್ರೌನ್ ಬಿದ್ದಾಗ ಮಗಳು ‘ಯಾಕಪ್ಪಾ ಎಲ್ಲಾ ಸುಮ್ಮನಾದ್ರು’ ಅಂತ ಕೇಳಿದ್ಲಂತೆ, ಅವಳಿಗೆ ಆಗ ಒಂಬತ್ತು. 2,000 ದಾಟಿದ ಓಟ ಹೇಗಿತ್ತು ಅಂತ ನನ್ನ ಮಗ ಕೇಳಿದ. ಅಜ್ಜನಿಗೆ ಅದು ಸರಿಯಾಗಿ ನೆನಪಿರಲಿಲ್ಲ.

ಹಾಗಂತ ಮನಸ್ಸು ಬದಲಾಯಿಸಿದ್ರು ಅಂದ್ಕೋಬೇಡಿ. ‘ಬಿಡೋದು ಬಿಡಲಿ, ಡೆಟ್ರಾಯ್ಟ್ ಪೇಪರಿಗೂ ಒಂದು ಫ್ಯಾಕ್ಸ್ ಹಾಕೋಕೆ ಏನಾಗಿತ್ತು’ ಅಂತಾನೇ ಇದ್ದಾರೆ. 2004ರಲ್ಲಿ ನಂಬರ್ 20 ಇನ್ಯಾರಿಗೂ ಇಲ್ಲ ಅಂತ ಟೀಮು ಘೋಷಿಸ್ತಲ್ಲ, ಆಗಲೂ ಹೋಗಲಿಲ್ಲವಂತೆ. 2023ರಲ್ಲಿ ಫೋರ್ಡ್ ಫೀಲ್ಡ್ ಅನ್ನೋ ಈಗಿನ ಮೈದಾನದ ಹೊರಗೆ ಪ್ರತಿಮೆ ಇಟ್ಟಾಗಲೂ ಇಲ್ಲ.

ಹುಬ್ಳಿ_ರೈಡರ್:
ಸಿಲ್ವರ್‌ಡೋಮ್ ಕೆಡವಾಕ 2017ರಾಗ ಬಾಂಬ್ ಇಟ್ರ ಮೊದಲನೇ ಸಲ ಬೀಳಲೇ ಇಲ್ಲ, ಗೊತ್ತೇನ್ರಿ? ಬ್ಯಾರೀಗಿಂತ ಗಟ್ಟಿ ಆಳದು.

ವಿಸ್ಕಾನ್ಸಿನ್_ವಿಜಯಾ:
ನಾಗರಾಜ್, ಜೆರ್ಸಿ ಏನಾಯ್ತು?

ನೋವೈ_ನಾಗರಾಜ:
ಮಗನ ಹತ್ರ ಇದೆ. ಅಜ್ಜನ ಅಳತೆ, ಇವನಿಗೆ ನೈಟಿ ಥರ ಮಂಡಿಗೆ ಬರುತ್ತೆ. ನಿನ್ನೆ ಅಜ್ಜ ಬೇಲಿ ಆ ಕಡೆಯಿಂದ ‘ಬಿಸಿನೀರಲ್ಲಿ ಒಗೀಬೇಡ, ನಂಬರ್ ಕಿತ್ತು ಬರುತ್ತೆ’ ಅಂತ ಕೂಗಿ ಹೇಳಿದ್ರು. ಥ್ಯಾಂಕ್ಸ್‌ಗಿವಿಂಗ್ ಪಂದ್ಯ ನಮ್ಮನೇಲಿ ನೋಡೋಣ ಬನ್ನಿ ಅಂದಿದೀನಿ. ಬರ್ತೀನಿ ಅಂದಿದಾರೆ. ಚಿತ್ರಾನ್ನ ಖಾರ ಕಮ್ಮಿ ಇರಲಿ ಅಂತ ಷರತ್ತು.

ಕುಡ್ಲದ_ಮಾಣಿ:
ಆ ಪಂದ್ಯ ನಮಗೆ ಇಲ್ಲಿ ಎಷ್ಟು ಗಂಟೆಗೆ?

ಲೆಕ್ಕದ_ಮೇಷ್ಟ್ರು:
ಡೆಟ್ರಾಯ್ಟ್‌ನವರು ಪ್ರತಿ ಥ್ಯಾಂಕ್ಸ್‌ಗಿವಿಂಗ್ ಗುರುವಾರ ತಮ್ಮ ಊರಲ್ಲೇ ಆಡುತ್ತಾರೆ, ಅಲ್ಲಿಯ ಮಧ್ಯಾಹ್ನ 12.30 ಅಥವಾ 1ಕ್ಕೆ. ನಮಗೆ ರಾತ್ರಿ 11 ಅಥವಾ 11.30. ನೋಡುವುದಕ್ಕೆ ಮುಂಚೆ 1997ರ ಥ್ಯಾಂಕ್ಸ್‌ಗಿವಿಂಗ್ ಪಂದ್ಯದ ವಿಡಿಯೋ ಹುಡುಕಿ, ಶಿಕಾಗೋ ವಿರುದ್ಧ, 167 ಯಾರ್ಡ್, ಮೂರು ಟಚ್‌ಡೌನ್.

ಕುಡ್ಲದ_ಮಾಣಿ:
ಶುಕ್ರವಾರ ಬೆಳಿಗ್ಗೆ ಡ್ಯೂಟಿ ಉಂಟು. ಆದರೂ ನೋಡುವ.